ಗಣಕ ಬದಲಾದಾಗ ಕ್ಷೇತ್ರಕಾರ್ಯದ ಸಾಮಗ್ರಿ: ಕ್ಯೂಬ್ಸ್ ವ್ಯವಸ್ಥೆಯ ಮೀಸಲು ಪ್ರತಿ ಮತ್ತು ಸ್ಥಳಾಂತರ

ಭಾಷಾ ಅಲ್ಪಸಂಖ್ಯಾತರ ನಡುವೆ ಕ್ಷೇತ್ರಕಾರ್ಯ ನಡೆಸುವ ಸಂಶೋಧಕರ ಗಣಕದಲ್ಲಿ ಎರಡು ಬಗೆಯ ಸಾಮಗ್ರಿ ಅಕ್ಕಪಕ್ಕದಲ್ಲೇ ಇರುತ್ತದೆ. ಪದಪಟ್ಟಿ, ಲಿಪ್ಯಂತರ, ಲೇಖನದ ಕರಡು ಮುಂತಾದವು ಪ್ರಕಟಣೆಗೆ ಉದ್ದೇಶಿಸಿದವು. ವಕ್ತೃಗಳ ಹೆಸರು, ದೂರವಾಣಿ ಸಂಖ್ಯೆ, ಒಪ್ಪಿಗೆ ಪತ್ರ, ಅವರು ನಂಬಿ ಆಡಿದ ಮಾತಿನ ಧ್ವನಿಮುದ್ರಿಕೆ ಇವು ಅನುಮತಿಯಿಲ್ಲದೆ ಹೊರಬರಬಾರದವು. ಬೆಳುಗುಪ್ಪ, ರಾಯದುರ್ಗ, ಮಡಕಶಿರಾ ಪರಿಸರದಲ್ಲಿ ಕನ್ನಡದ ಬಗೆಗೆ ಜನರನ್ನು ಮಾತನಾಡಿಸಹೊರಟರೆ ಆ ಮಾತು ಪದಗಳ ಉಚ್ಚಾರಣೆಯಲ್ಲಿ ನಿಲ್ಲುವುದಿಲ್ಲ. ಮಗುವನ್ನು ಯಾವ ಮಾಧ್ಯಮದ ಶಾಲೆಗೆ ಸೇರಿಸಿದರು, ಏಕೆ ಬಿಡಿಸಿದರು, ಕಚೇರಿಗೆ ಕೊಡಬೇಕಾದ ತೆಲುಗು ಅರ್ಜಿಯನ್ನು ಯಾರಿಂದ ಬರೆಸಿದರು, ಜಮೀನಿನ ಹಳೆಯ ಕಾಗದ ಯಾವ ಲಿಪಿಯಲ್ಲಿದೆ ಎಂಬ ಕಡೆಗೆಲ್ಲ ಅದು ಹರಿಯುತ್ತದೆ. ಸಣ್ಣ ಊರಿನಲ್ಲಿ ಧ್ವನಿ ಕೇಳಿದೊಡನೆ ಆಡಿದವರು ಯಾರೆಂದು ತಿಳಿದುಬಿಡುತ್ತದೆ. ಆದ್ದರಿಂದ ಹೆಸರನ್ನು ಅಳಿಸಿದ ಮಾತ್ರಕ್ಕೆ ವಕ್ತೃವಿಗೆ ರಕ್ಷಣೆ ದೊರೆಯಿತೆಂದು ಹೇಳಲಾಗದು.

ಇಂತಹ ಸಾಮಗ್ರಿಗೆ ಎರಡು ಅಪಾಯಗಳಿವೆ: ಕಳೆದುಹೋಗುವುದು ಮತ್ತು ಬಯಲಾಗುವುದು. ಮೊದಲನೆಯದಕ್ಕೆ ಮೀಸಲು ಪ್ರತಿ ಉಪಾಯ. ಎರಡನೆಯದಕ್ಕೆ ಸುರಕ್ಷತೆಯನ್ನೇ ಮುಖ್ಯ ಗುರಿಯಾಗಿಸಿಕೊಂಡ ಕಾರ್ಯಾಚರಣ ವ್ಯವಸ್ಥೆ ಒಂದು ಉಪಾಯ. ಈ ಎರಡು ಉಪಾಯಗಳೂ ಒಟ್ಟಿಗೆ ಪರೀಕ್ಷೆಗೊಳಗಾಗುವುದು ಹಳೆಯ ಗಣಕದಿಂದ ಹೊಸ ಗಣಕಕ್ಕೆ ಹೋಗುವ ಸಂದರ್ಭದಲ್ಲಿ. ಅಂತಹ ವ್ಯವಸ್ಥೆಗಳಲ್ಲಿ ಹೆಸರಾದ ಕ್ಯೂಬ್ಸ್‌ನ ಮೀಸಲು ಪ್ರತಿ ಮತ್ತು ಸ್ಥಳಾಂತರದ ಕ್ರಮವನ್ನು ವಿವರಿಸುವುದು ಈ ಲೇಖನದ ಉದ್ದೇಶ. ಕಡತಗಳು ಹೊಸ ಗಣಕಕ್ಕೆ ಬಂದುವೆಂದರೆ ಕೆಲಸ ಅರ್ಧ ಮುಗಿದಂತೆ. ಅವುಗಳ ನಡುವೆ ನಾವು ಹಾಕಿಕೊಂಡಿದ್ದ ಗಡಿಗಳೂ ಬಂದಿವೆಯೆಂದು ಪರೀಕ್ಷಿಸಿ ನೋಡಿದಾಗಲೇ ಅದು ಪೂರ್ಣವಾಗುತ್ತದೆ ಎಂಬುದು ಇಲ್ಲಿಯ ಮುಖ್ಯ ಪ್ರತಿಪಾದನೆ.

ಕ್ಯೂಬ್ಸ್ ವ್ಯವಸ್ಥೆಯ ರಚನೆ

ಕ್ಯೂಬ್ಸ್ ಯೋಜನೆಯನ್ನು ಪೋಲೆಂಡಿನ ಸುರಕ್ಷತಾ ತಜ್ಞೆ ಜೊಆನ್ನಾ ರುಟ್ಕೋವ್‌ಸ್ಕಾ 2010ರಲ್ಲಿ ಪ್ರಕಟಿಸಿದರು. ಅದರ ಮೊದಲ ಪೂರ್ಣ ಆವೃತ್ತಿ 2012ರ ಸೆಪ್ಟೆಂಬರಿನಲ್ಲಿ ಬಂದಿತು. ಯಾವ ತಂತ್ರಾಂಶವೂ ದೋಷಮುಕ್ತವಲ್ಲ, ಒಂದಲ್ಲ ಒಂದು ಕಡೆ ಆಕ್ರಮಣ ನಡೆದೇ ತೀರುತ್ತದೆ, ಆದ್ದರಿಂದ ಹಾನಿ ಒಂದು ಕೋಣೆಯಿಂದ ಇನ್ನೊಂದಕ್ಕೆ ಹರಡದಂತೆ ಗೋಡೆ ಕಟ್ಟಬೇಕು ಎಂಬುದು ಈ ವ್ಯವಸ್ಥೆಯ ಮೂಲ ವಿಚಾರ. ಝೆನ್ ಎಂಬ ತಂತ್ರಾಂಶದ ನೆರವಿನಿಂದ ಒಂದೇ ಗಣಕದೊಳಗೆ ಹಲವು ಮಿಥ್ಯಾ ಗಣಕಗಳು ನಡೆಯುತ್ತವೆ. ಇವುಗಳಿಗೆ ಕ್ಯೂಬ್ ಎಂದು ಹೆಸರು.

ಸಂಶೋಧಕರು ಇದನ್ನು ಹೀಗೆ ಬಳಸಬಹುದು. ಅಂತರ್ಜಾಲದ ಓದಿಗೆ ಒಂದು ಕ್ಯೂಬ್, ಮಿಂಚಂಚೆಗೆ ಇನ್ನೊಂದು, ಲಿಪ್ಯಂತರಕ್ಕೆ ಮತ್ತೊಂದು. ಧ್ವನಿಮುದ್ರಿಕೆ ಮತ್ತು ಒಪ್ಪಿಗೆ ಪತ್ರಗಳಿಗೆ ಅಂತರ್ಜಾಲ ಸಂಪರ್ಕವೇ ಇಲ್ಲದ ನಾಲ್ಕನೆಯದು. ಮಿಂಚಂಚೆಯಲ್ಲಿ ಬಂದ ದುಷ್ಟ ಕಡತವೊಂದನ್ನು ತೆರೆದರೂ ಅದರ ಕೈ ಧ್ವನಿಮುದ್ರಿಕೆಯವರೆಗೆ ಚಾಚುವುದು ಬಹು ಕಷ್ಟ. ಈ ಎಲ್ಲ ಕ್ಯೂಬ್‌ಗಳ ಮೇಲೆ ಆಡಳಿತ ನಡೆಸುವ ಕೇಂದ್ರಕ್ಕೆ ಡಾಮ್-ಝೀರೊ ಎಂದು ಹೆಸರು. ಅದಕ್ಕೆ ಅಂತರ್ಜಾಲ ಸಂಪರ್ಕ ಇರುವುದಿಲ್ಲ. ಅದರಲ್ಲಿ ದಿನನಿತ್ಯದ ಕೆಲಸವನ್ನೂ ಮಾಡಬಾರದು.

ಮುಂದಿನ ವಿವರಣೆಗೆ ಬೇಕಾದ ಇನ್ನೊಂದು ಅಂಶ ಟೆಂಪ್ಲೇಟ್. ತಂತ್ರಾಂಶಗಳನ್ನು ಪ್ರತಿ ಕ್ಯೂಬ್‌ನಲ್ಲೂ ಬೇರೆಬೇರೆಯಾಗಿ ಸ್ಥಾಪಿಸುವುದಿಲ್ಲ. ಫೆಡೋರಾ ಅಥವಾ ಡೆಬಿಯನ್ ಆಧಾರಿತ ಟೆಂಪ್ಲೇಟ್‌ನಲ್ಲಿ ಒಮ್ಮೆ ಸ್ಥಾಪಿಸಿದರೆ ಅದನ್ನು ಆಧರಿಸಿದ ಎಲ್ಲ ಕ್ಯೂಬ್‌ಗಳಿಗೂ ಅದು ದೊರೆಯುತ್ತದೆ. ಸಾಮಾನ್ಯ ಕ್ಯೂಬ್‌ನಲ್ಲಿ ಶಾಶ್ವತವಾಗಿ ಉಳಿಯುವುದು ಬಳಕೆದಾರರ ಮನೆಕೋಶ ಮತ್ತು ಕೆಲವೇ ನಿಗದಿತ ಕೋಶಗಳು. ಉಳಿದದ್ದೆಲ್ಲ ಪ್ರತಿ ಸಲವೂ ಟೆಂಪ್ಲೇಟ್‌ನಿಂದ ಹೊಸದಾಗಿ ಬರುತ್ತದೆ.

ಪ್ರತಿಯಲ್ಲಿ ಸೇರುವುದು ಮತ್ತು ಸೇರದಿರುವುದು

ಇಡೀ ಡಿಸ್ಕನ್ನು ಯಥಾವತ್ತಾಗಿ ನಕಲು ಮಾಡಿ ಹೊಸ ಗಣಕಕ್ಕೆ ಹಾಕುವ ಕ್ರಮ ಸುಲಭವೆಂದು ತೋರುತ್ತದೆ. ಕ್ಯೂಬ್ಸ್‌ನಲ್ಲಿ ಅದು ಸೂಕ್ತವಲ್ಲ. ಜಾಲದ ಕಾರ್ಡು, ಯುಎಸ್‌ಬಿ ನಿಯಂತ್ರಕ ಮುಂತಾದ ಯಂತ್ರಾಂಶಗಳನ್ನು ಕ್ಯೂಬ್ಸ್ ಆಯಾ ಗಣಕದ ವಿಳಾಸದಿಂದ ಗುರುತಿಸಿ ನಿರ್ದಿಷ್ಟ ಕ್ಯೂಬ್‌ಗಳಿಗೆ ಒಪ್ಪಿಸಿರುತ್ತದೆ. ಹೊಸ ಗಣಕದಲ್ಲಿ ಆ ವಿಳಾಸಗಳು ಬೇರೆ. ಡಿಸ್ಕಿನ ಗೂಢಲಿಪಿಯ ಮೂಲ ಕೀಲಿಯೂ ನಕಲಾಗಿ ಎರಡು ಕಡೆ ಉಳಿಯುತ್ತದೆ. ಹೊಸ ಗಣಕದಲ್ಲಿ ವ್ಯವಸ್ಥೆಯನ್ನು ಹೊಸದಾಗಿ ಸ್ಥಾಪಿಸಿ, ಕ್ಯೂಬ್‌ಗಳನ್ನು ಮೀಸಲು ಪ್ರತಿಯಿಂದ ಮರುಸ್ಥಾಪಿಸುವುದೇ ಯೋಗ್ಯ ಮಾರ್ಗ.

ಇದಕ್ಕಾಗಿ ಕ್ಯೂಬ್ಸ್‌ನಲ್ಲೇ ಒಂದು ಸಾಧನವಿದೆ. ನಾವು ಆಯ್ದ ಕ್ಯೂಬ್‌ಗಳ ಖಾಸಗಿ ಭಾಗವನ್ನೂ, ಅವುಗಳ ಹೆಸರು, ಬಣ್ಣ, ಟೆಂಪ್ಲೇಟ್, ಜಾಲ ಸಂಪರ್ಕ ಮುಂತಾದ ವಿವರಗಳನ್ನೂ ಅದು ಗೂಢಲಿಪೀಕರಿಸಿ ಒಂದೇ ಕಡತವಾಗಿ ಕಟ್ಟಿಕೊಡುತ್ತದೆ. ಇಲ್ಲಿ ಎರಡು ವಿಷಯಗಳು ಮೇಲ್ನೋಟಕ್ಕೆ ಕಾಣದೆ ಹೊರಗುಳಿಯುತ್ತವೆ.

ಮೊದಲನೆಯದು ಟೆಂಪ್ಲೇಟ್‌ನಲ್ಲಿರುವ ಅಕ್ಷರಶೈಲಿ. ಕನ್ನಡ ಸಂಶೋಧಕರ ಬಳಿ ಯೂನಿಕೋಡ್ ಪೂರ್ವದ ನುಡಿ ಅಥವಾ ಬರಹ ತಂತ್ರಾಂಶದಲ್ಲಿ ಬೆರಳಚ್ಚಿಸಿದ ಕಡತಗಳು ಇಂದಿಗೂ ಹೇರಳವಾಗಿವೆ. ಇಂತಹ ಕಡತದೊಳಗೆ ಇರುವುದು ಕನ್ನಡ ಅಕ್ಷರಗಳ ಸಂಕೇತವಲ್ಲ, ಒಂದು ನಿರ್ದಿಷ್ಟ ಅಕ್ಷರಶೈಲಿಯ ಚಿತ್ರಖಂಡಗಳ ಕ್ರಮಸಂಖ್ಯೆ. ಆ ಅಕ್ಷರಶೈಲಿ ಇಲ್ಲದಿದ್ದರೆ ಪರದೆಯ ಮೇಲೆ ರೋಮನ್ ಅಕ್ಷರಗಳ ಅಸಂಬದ್ಧ ಸಾಲು ಕಾಣುತ್ತದೆ. ಅಕ್ಷರಶೈಲಿಯನ್ನು ಟೆಂಪ್ಲೇಟ್‌ನಲ್ಲಿ ಸ್ಥಾಪಿಸಿ, ಕ್ಯೂಬನ್ನು ಮಾತ್ರ ಪ್ರತಿ ತೆಗೆದರೆ ಕಡತ ಬರುತ್ತದೆ, ಅದನ್ನು ಓದುವ ಸಾಧನ ಹಳೆಯ ಗಣಕದಲ್ಲೇ ಉಳಿಯುತ್ತದೆ. ಪರಿಹಾರ ಮೂರು ಬಗೆ: ಅಕ್ಷರಶೈಲಿಯನ್ನು ಆ ಕ್ಯೂಬ್‌ನ ಮನೆಕೋಶದಲ್ಲಿ ಇರಿಸಿಕೊಳ್ಳುವುದು, ಮಾರ್ಪಡಿಸಿದ ಟೆಂಪ್ಲೇಟನ್ನೂ ಪ್ರತಿಗೆ ಸೇರಿಸುವುದು, ಎಲ್ಲಕ್ಕಿಂತ ಮೇಲಾಗಿ, ಕಡತಗಳನ್ನು ಸ್ಥಳಾಂತರಕ್ಕೆ ಮೊದಲೇ ಯೂನಿಕೋಡ್‌ಗೆ ಪರಿವರ್ತಿಸಿ, ಮೂಲವನ್ನೂ ಜೊತೆಗೆ ಉಳಿಸಿಕೊಳ್ಳುವುದು. ಕನ್ನಡ ಕೀಲಿಮಣೆಯ ತಂತ್ರಾಂಶಕ್ಕೂ ಇದೇ ಮಾತು ಅನ್ವಯಿಸುತ್ತದೆ.

ಎರಡನೆಯದು ಇನ್ನೂ ಮಹತ್ವದ್ದು. ಒಂದು ಕ್ಯೂಬ್‌ನಿಂದ ಇನ್ನೊಂದಕ್ಕೆ ಕಡತ ದಾಟಬಹುದೇ, ಯಾರನ್ನು ಕೇಳಿ ದಾಟಬೇಕು ಎಂಬ ನಿಯಮಗಳು ಡಾಮ್-ಝೀರೊದ ವ್ಯವಸ್ಥಾ ಕೋಶದಲ್ಲಿರುತ್ತವೆ. ಮೀಸಲು ಪ್ರತಿಯ ಸಾಧನ ಡಾಮ್-ಝೀರೊದಿಂದ ತೆಗೆದುಕೊಳ್ಳುವುದು ಮನೆಕೋಶವನ್ನು ಮಾತ್ರ. ಹಳೆಯ ಗಣಕದಲ್ಲಿ ಧ್ವನಿಮುದ್ರಿಕೆಯ ಕ್ಯೂಬ್‌ನಿಂದ ಮಿಂಚಂಚೆಯ ಕ್ಯೂಬ್‌ಗೆ ಯಾವ ಕಡತವೂ ಹೋಗಬಾರದೆಂದು ನಿಷೇಧ ಬರೆದಿದ್ದರೆ, ಆ ನಿಷೇಧ ಹೊಸ ಗಣಕಕ್ಕೆ ತಾನಾಗಿ ಬರುವುದಿಲ್ಲ. ಅಲ್ಲಿ ಪೂರ್ವನಿಯೋಜಿತ ನಿಯಮ ಜಾರಿಯಲ್ಲಿರುತ್ತದೆ: ವ್ಯವಸ್ಥೆ ಒಮ್ಮೆ ಕೇಳುತ್ತದೆ, ಬಳಕೆದಾರರು ಸರಿ ಎಂದು ಒತ್ತಿದರೆ ಕಡತ ದಾಟುತ್ತದೆ. ಗೋಡೆಗಳೆಲ್ಲ ಮೊದಲಿನಂತೆಯೇ ಕಾಣುತ್ತವೆ, ಆದರೆ ಬಾಗಿಲಿಗೆ ಹಾಕಿದ್ದ ಬೀಗ ಇರುವುದಿಲ್ಲ. ಆದ್ದರಿಂದ ನಾವೇ ಬರೆದ ನಿಯಮಗಳ ಕಡತಗಳನ್ನು ಡಾಮ್-ಝೀರೊದ ಮನೆಕೋಶಕ್ಕೆ ನಕಲಿಸಿಕೊಂಡು, ಅನಂತರ ಪ್ರತಿ ತೆಗೆಯಬೇಕು.

ಗುಪ್ತಪದದ ಲಿಪಿ

ಮೀಸಲು ಪ್ರತಿಯ ಗೂಢಲಿಪಿಗೆ ಕ್ಯೂಬ್ಸ್ ಸ್ಕ್ರಿಪ್ಟ್ ಎಂಬ ವಿಧಾನವನ್ನು ಬಳಸುತ್ತದೆ. ಕೊಲಿನ್ ಪರ್ಸಿವಲ್ 2009ರಲ್ಲಿ ಮಂಡಿಸಿದ ಈ ವಿಧಾನ ಪ್ರತಿ ಊಹೆಗೂ ಸಾಕಷ್ಟು ಸ್ಮೃತಿ ಮತ್ತು ಸಮಯ ತಗಲುವಂತೆ ಮಾಡುತ್ತದೆ. ಹಾಗಾಗಿ ಲಕ್ಷಾಂತರ ಪದಗಳನ್ನು ಬೇಗಬೇಗ ಪ್ರಯತ್ನಿಸಿ ನೋಡುವುದು ಕಷ್ಟ. ಆದರೂ ಗುಪ್ತಪದವೇ ದುರ್ಬಲವಾಗಿದ್ದರೆ ಈ ರಕ್ಷಣೆಯಿಂದ ಹೆಚ್ಚು ಪ್ರಯೋಜನವಿಲ್ಲ. 7,776 ಪದಗಳ ಪಟ್ಟಿಯಿಂದ ದಾಳ ಉರುಳಿಸಿ ಆರು ಪದಗಳನ್ನು ಆರಿಸುವ ಕ್ರಮ ಪ್ರಸಿದ್ಧವಾಗಿದೆ. ಅದರಿಂದ ಸುಮಾರು 77 ಬಿಟ್‌ಗಳಷ್ಟು ಅನಿಶ್ಚಿತತೆ ದೊರೆಯುತ್ತದೆ. ಹೆಸರಾಂತ ವಚನದ ಸಾಲನ್ನೋ ಗಾದೆಯನ್ನೋ ಗುಪ್ತಪದವಾಗಿಸಿದರೆ ನೆನಪಿಡುವುದು ಸುಲಭ. ಊಹಿಸುವವರಿಗೂ ಅಷ್ಟೇ ಸುಲಭ.

ಕನ್ನಡ ಪದಗಳನ್ನೇ ಆರಿಸಿಕೊಳ್ಳಲು ಅಡ್ಡಿಯಿಲ್ಲ, ಆದರೆ ಅವನ್ನು ರೋಮನ್ ಅಕ್ಷರಗಳಲ್ಲಿ ಬರೆಯುವುದು ಒಳ್ಳೆಯದು. ಕಾರಣ ಯೂನಿಕೋಡ್‌ನ ಒಳರಚನೆಯಲ್ಲಿದೆ. ‘ಕೋ’ ಎಂಬ ಅಕ್ಷರದ ಸ್ವರಚಿಹ್ನೆಯನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು. ಎತ್ವ, ಕೊಂಬಿನ ದೀರ್ಘ, ದೀರ್ಘಚಿಹ್ನೆ ಎಂಬ ಮೂರು ಸಂಕೇತಗಳ ಸರಣಿಯಾಗಿಯೂ ಬರೆಯಬಹುದು. ಪರದೆಯ ಮೇಲೆ ಎರಡೂ ಒಂದೇ ರೂಪ. ಯೂನಿಕೋಡ್ ಕೂಡ ಇವೆರಡನ್ನು ಸಮಾನವೆಂದೇ ಪರಿಗಣಿಸುತ್ತದೆ. ಆದರೆ ಯುಟಿಎಫ್-8 ಕ್ರಮದಲ್ಲಿ ಮೊದಲನೆಯದು 3 ಬೈಟ್, ಎರಡನೆಯದು 9 ಬೈಟ್. ಗೂಢಲಿಪಿಯ ಲೆಕ್ಕಾಚಾರ ನೋಡುವುದು ಬೈಟ್‌ಗಳನ್ನು. ಹಳೆಯ ಗಣಕದ ಕೀಲಿಮಣೆ ಒಂದು ಬಗೆಯಲ್ಲಿ, ಹೊಸದರ ಕೀಲಿಮಣೆ ಇನ್ನೊಂದು ಬಗೆಯಲ್ಲಿ ಸಂಕೇತ ಕಳುಹಿಸಿದರೆ ಸರಿಯಾದ ಪದ ಬರೆದರೂ ಬೀಗ ತೆರೆಯುವುದಿಲ್ಲ. ಕಣ್ಣಿಗೆ ಕಾಣದ ಶೂನ್ಯ ಅಗಲದ ಸಂಯೋಜಕ ಚಿಹ್ನೆಗಳದೂ ಇದೇ ತೊಡಕು. ಕ್ಯೂಬ್‌ಗಳ ಹೆಸರಿಗಂತೂ ರೋಮನ್ ಅಕ್ಷರ ಮತ್ತು ಅಂಕಿಗಳೇ ಬೇಕು. ಕನ್ನಡ ಲಿಪಿಗೆ ಅಲ್ಲಿ ಅವಕಾಶವಿಲ್ಲ. ಧ್ವನಿಮುದ್ರಿಕೆಯ ಕಡತಕ್ಕೂ ರೋಮನ್ ಅಕ್ಷರ ಮತ್ತು ಅಂಕಿಗಳ ಗುರುತು ಕೊಟ್ಟು, ಊರು, ಉಪಭಾಷೆ, ವಿಷಯ ಇವನ್ನು ಜೊತೆಯ ವಿವರಪಟ್ಟಿಯಲ್ಲಿ ಕನ್ನಡದಲ್ಲಿ ಬರೆಯುವುದು ಕ್ಷೇಮ.

ಪ್ರತಿ ತೆಗೆಯುವ ಕ್ರಮ

ಮೊದಲು ಗಾತ್ರದ ಅಂದಾಜು ಮಾಡಬೇಕು. ಸೆಕೆಂಡಿಗೆ 48,000 ಮಾದರಿ, 24 ಬಿಟ್, ಎರಡು ವಾಹಿನಿಗಳಲ್ಲಿ ಮುದ್ರಿಸಿದ ಸಂಕುಚಿಸದ ಧ್ವನಿ ಗಂಟೆಗೆ 1 ಗಿಗಾಬೈಟ್‌ಗಿಂತ ತುಸು ಹೆಚ್ಚು ಜಾಗ ಹಿಡಿಯುತ್ತದೆ. ನೂರು ಗಂಟೆಯ ಸಂಗ್ರಹಕ್ಕೆ ನೂರಕ್ಕೂ ಹೆಚ್ಚು ಗಿಗಾಬೈಟ್ ಬೇಕು. ಮೀಸಲು ಪ್ರತಿ ಒಂದೇ ಕಡತವಾಗಿ ಬರುವುದರಿಂದ ಹೊರಗಿನ ಡಿಸ್ಕು ಫ್ಯಾಟ್-32 ಕ್ರಮದಲ್ಲಿದ್ದರೆ ಪ್ರಯೋಜನವಿಲ್ಲ. ಆ ಕ್ರಮದಲ್ಲಿ ಒಂದು ಕಡತ 4 ಗಿಗಾಬೈಟ್ ಮೀರುವಂತಿಲ್ಲ. ಡಿಸ್ಕನ್ನು ಎಕ್ಸ್ಟ್-4 ಕ್ರಮಕ್ಕೆ ಬದಲಾಯಿಸಿಕೊಳ್ಳಬೇಕು. ಹಾಗೆ ಬದಲಾಯಿಸಿದರೆ ಅದರಲ್ಲಿ ಮೊದಲಿದ್ದುದೆಲ್ಲ ಅಳಿಸಿಹೋಗುವುದರಿಂದ ಖಾಲಿ ಡಿಸ್ಕನ್ನೇ ಆರಿಸಿಕೊಳ್ಳುವುದು ಲೇಸು.

ಅನಂತರ ಆಯ್ಕೆ. ಧ್ವನಿಮುದ್ರಿಕೆ, ಲಿಪ್ಯಂತರ, ಮಿಂಚಂಚೆ, ಗುಪ್ತಪದಗಳ ಕ್ಯೂಬ್‌ಗಳು, ನಾವು ಮಾರ್ಪಡಿಸಿದ ಟೆಂಪ್ಲೇಟ್, ಡಾಮ್-ಝೀರೊದ ಮನೆಕೋಶ ಇವು ಸೇರಬೇಕು. ಜಾಲದ ಕಾರ್ಡು ಮತ್ತು ಯುಎಸ್‌ಬಿಯನ್ನು ನೋಡಿಕೊಳ್ಳುವ ಕ್ಯೂಬ್‌ಗಳು ಹಳೆಯ ಯಂತ್ರಾಂಶಕ್ಕೆ ಅಂಟಿಕೊಂಡಿರುವುದರಿಂದ ಅವನ್ನು ಬಿಡುವುದೇ ಸರಿ; ಹೊಸ ಗಣಕದಲ್ಲಿ ಸ್ಥಾಪನೆಯ ವೇಳೆ ಅವು ಹೊಸದಾಗಿ ನಿರ್ಮಾಣವಾಗುತ್ತವೆ.

ಪ್ರತಿ ತೆಗೆಯುವ ಮೊದಲು ಆಯ್ದ ಕ್ಯೂಬ್‌ಗಳನ್ನು ಮುಚ್ಚಬೇಕು. ತೆರೆದಿರುವ ಕ್ಯೂಬನ್ನೂ ಪ್ರತಿ ತೆಗೆಯಬಹುದು. ಆದರೆ ಸಿಗುವುದು ಅದನ್ನು ತೆರೆಯುವ ಮುಂಚೆ ಇದ್ದ ಸ್ಥಿತಿ. ಬೆಳಗಿನಿಂದ ಬರೆದ ಲಿಪ್ಯಂತರ ಅದರಲ್ಲಿ ಇರುವುದಿಲ್ಲ.

ಹೊರಗಿನ ಡಿಸ್ಕು ಯುಎಸ್‌ಬಿಯ ಕ್ಯೂಬ್‌ಗೆ ಜೋಡಣೆಯಾಗಿರುತ್ತದೆ. ಕಡತವು ಡಾಮ್-ಝೀರೊದಲ್ಲೇ ಗೂಢಲಿಪಿಯಾಗಿ ಹೊರಡುವುದರಿಂದ ಆ ಕ್ಯೂಬನ್ನು ನಂಬದಿದ್ದರೂ ಗೋಪ್ಯತೆಗೆ ಭಂಗವಿಲ್ಲ. ಯಾರಾದರೂ ಕಡತವನ್ನು ತಿದ್ದಿದರೆ ಮರುಸ್ಥಾಪನೆಯ ವೇಳೆ ಅದು ಪತ್ತೆಯಾಗುತ್ತದೆ. ಅದನ್ನು ಅಳಿಸಿಹಾಕುವುದನ್ನು ಮಾತ್ರ ಯಾವ ಗೂಢಲಿಪಿಯೂ ತಡೆಯಲಾರದು; ಅದಕ್ಕಾಗಿಯೇ ಎರಡು ಡಿಸ್ಕುಗಳಲ್ಲಿ ಎರಡು ಪ್ರತಿ ತೆಗೆದು, ಒಂದನ್ನು ಬೇರೆ ಊರಿನಲ್ಲಿ ಇರಿಸುವುದು ವಾಡಿಕೆ. ಪ್ರತಿ ಮುಗಿದ ಮೇಲೆ ಮರುಸ್ಥಾಪನೆಯ ಸಾಧನವನ್ನು ತೆರೆದು ‘ಪರಿಶೀಲನೆ ಮಾತ್ರ’ ಎಂಬ ಆಯ್ಕೆಯನ್ನು ನಡೆಸಬೇಕು. ಏನನ್ನೂ ಬದಲಾಯಿಸದೆ ಇಡೀ ಕಡತವನ್ನು ಓದಿ ಸರಿಯಿದೆಯೇ ಎಂದು ಅದು ತಿಳಿಸುತ್ತದೆ.

ಹೊಸ ಗಣಕದಲ್ಲಿ ಮರುಸ್ಥಾಪನೆ

ಎಲ್ಲ ಗಣಕಗಳಲ್ಲೂ ಕ್ಯೂಬ್ಸ್ ನಡೆಯುವುದಿಲ್ಲ. ಕನಿಷ್ಠ 6 ಗಿಗಾಬೈಟ್ ಸ್ಮೃತಿ ಬೇಕು. ನೆಮ್ಮದಿಯ ಬಳಕೆಗೆ 16 ಗಿಗಾಬೈಟ್ ಇರಬೇಕು. ಸಂಸ್ಕಾರಕದಲ್ಲಿ ಮಿಥ್ಯಾ ಗಣಕಗಳಿಗೆ ಬೇಕಾದ ಸೌಲಭ್ಯಗಳಿರಬೇಕು. ಬಳಕೆದಾರರು ಪರೀಕ್ಷಿಸಿದ ಗಣಕಗಳ ಪಟ್ಟಿಯನ್ನು ಯೋಜನೆಯವರು ಇಟ್ಟಿದ್ದಾರೆ. ಅದನ್ನು ನೋಡಿ ಗಣಕ ಕೊಳ್ಳುವುದು ಜಾಣತನ. ಅನುದಾನದ ಹಣದಿಂದ ಕೊಳ್ಳುವ ಸಂಸ್ಥೆಗಳು ಟೆಂಡರಿನ ವಿವರದಲ್ಲೇ ಇದನ್ನು ಸೇರಿಸದಿದ್ದರೆ ಬಂದ ಗಣಕವನ್ನು ಹಿಂದಿರುಗಿಸುವ ದಾರಿ ಇರುವುದಿಲ್ಲ.

ಸ್ಥಾಪನೆಯ ಕಡತವನ್ನು ಇಳಿಸಿಕೊಂಡ ಮೇಲೆ ಅದರ ಅಂಕೀಯ ಸಹಿಯನ್ನು ಯೋಜನೆಯ ಮೂಲ ಕೀಲಿಯೊಡನೆ ತಾಳೆ ನೋಡಬೇಕು. ಬೆಂಬಲ ಮುಗಿದ ಆವೃತ್ತಿಯನ್ನು ಹಾಕಬಾರದು, 4.1ನೆಯ ಆವೃತ್ತಿಯ ಬೆಂಬಲ 2024ರ ಜೂನ್‌ನಲ್ಲಿ ಕೊನೆಗೊಂಡಿತು. ಡಿಸ್ಕಿಗೆ ಕೊಡುವ ಗುಪ್ತಪದ ಮೀಸಲು ಪ್ರತಿಯದಕ್ಕಿಂತ ಬೇರೆಯಾಗಿರಲಿ. ಸ್ಥಾಪನೆ ಮುಗಿದು ಪರಿಷ್ಕರಣಗಳನ್ನು ಹಾಕಿಕೊಂಡ ಮೇಲೆ ಮರುಸ್ಥಾಪನೆ ಆರಂಭಿಸಬಹುದು.

ಹಳೆಯ ಪ್ರತಿ ಉಲ್ಲೇಖಿಸುವ ಟೆಂಪ್ಲೇಟ್ ಹೊಸ ಗಣಕದಲ್ಲಿ ಇಲ್ಲದಿರಬಹುದು. ಇಲ್ಲದ್ದನ್ನು ಕಡೆಗಣಿಸಿ ಮುಂದುವರಿಯುವ ಆಯ್ಕೆ ಮರುಸ್ಥಾಪನೆಯ ಸಾಧನದಲ್ಲಿದೆ. ಅದನ್ನು ಬಳಸಿದಾಗ ಕ್ಯೂಬ್‌ಗೆ ಪೂರ್ವನಿಯೋಜಿತ ಟೆಂಪ್ಲೇಟ್ ಸಿಗುತ್ತದೆ. ಒಂದೊಂದು ಕ್ಯೂಬ್‌ನ ವಿವರವನ್ನೂ ತೆರೆದು ಯಾವುದು ಯಾವುದಕ್ಕೆ ಜೋಡಣೆಯಾಗಿದೆ ಎಂದು ನೋಡಬೇಕಾದದ್ದು ಈ ಹಂತದಲ್ಲಿ. ಧ್ವನಿಮುದ್ರಿಕೆಯ ಕ್ಯೂಬ್‌ನ ಜಾಲ ಸಂಪರ್ಕದ ಜಾಗದಲ್ಲಿ ‘ಇಲ್ಲ’ ಎಂದೇ ಇದೆಯೆಂದು ಕಣ್ಣಾರೆ ನೋಡಿದ ಮೇಲೆಯೇ ಅದನ್ನು ಆರಂಭಿಸಬೇಕು. ಡಾಮ್-ಝೀರೊದ ಹಳೆಯ ಮನೆಕೋಶ ಹೊಸದರೊಳಗೆ ದಿನಾಂಕ ಹೊತ್ತ ಪ್ರತ್ಯೇಕ ಕೋಶವಾಗಿ ಬಂದಿರುತ್ತದೆ. ಅಲ್ಲಿಂದ ನಿಯಮಗಳ ಕಡತಗಳನ್ನು ತೆಗೆದು, ಓದಿ, ಹೊಸ ಹೆಸರುಗಳಿಗೆ ಹೊಂದಿಸಿ ಅವುಗಳ ಸ್ಥಾನದಲ್ಲಿ ಇರಿಸಬೇಕು. ಹಳೆಯ ಗಣಕವೇ ಆಕ್ರಮಣಕ್ಕೆ ತುತ್ತಾಗಿರಬಹುದೆಂಬ ಶಂಕೆಯಿದ್ದರೆ ಬೇರೊಂದು ಎಚ್ಚರಿಕೆಯ ವಿಧಾನವಿದೆ. ಅದರಲ್ಲಿ ಪ್ರತಿಯನ್ನು ಬಿಚ್ಚುವ ಕೆಲಸ ಡಾಮ್-ಝೀರೊದಲ್ಲಿ ನಡೆಯದೆ, ಕೆಲಸ ಮುಗಿದೊಡನೆ ಅಳಿದುಹೋಗುವ ತಾತ್ಕಾಲಿಕ ಕ್ಯೂಬ್‌ನಲ್ಲಿ ನಡೆಯುತ್ತದೆ.

ಎರಡು ಪರೀಕ್ಷೆಗಳು

ಸ್ಥಳಾಂತರ ಸಫಲವಾಯಿತೆಂದು ಹೇಳುವ ಮೊದಲು ಎರಡು ಪರೀಕ್ಷೆ ನಡೆಯಬೇಕು. ಮೊದಲನೆಯದು ಸಾಮಗ್ರಿಯ ಪರೀಕ್ಷೆ: ಸಂಗ್ರಹದ ಆದಿ, ಮಧ್ಯ, ಅಂತ್ಯಗಳಿಂದ ಕೆಲವು ಮುದ್ರಿಕೆಗಳನ್ನು ಕೇಳುವುದು, ಹಳೆಯ ಅಕ್ಷರಶೈಲಿಯ ಒಂದು ಕಡತವನ್ನೂ ಯೂನಿಕೋಡ್ ಕಡತವೊಂದನ್ನೂ ತೆರೆದು ಓದುವುದು, ಹಳೆಯ ಗಣಕದಲ್ಲಿ ಲೆಕ್ಕಹಾಕಿಟ್ಟ ಹ್ಯಾಶ್ ಮೌಲ್ಯಗಳನ್ನು ತಾಳೆ ನೋಡುವುದು. ಎರಡನೆಯದು ಗಡಿಯ ಪರೀಕ್ಷೆ: ಮಹತ್ವವಿಲ್ಲದ ಖಾಲಿ ಕಡತವೊಂದನ್ನು ಧ್ವನಿಮುದ್ರಿಕೆಯ ಕ್ಯೂಬ್‌ನಿಂದ ಮಿಂಚಂಚೆಯ ಕ್ಯೂಬ್‌ಗೆ ಕಳುಹಿಸಲು ಯತ್ನಿಸುವುದು. ಪ್ರಯತ್ನ ವಿಫಲವಾದರೆ ಪರೀಕ್ಷೆ ಸಫಲ. ಮೊದಲನೆಯದನ್ನು ಬಹುತೇಕ ಎಲ್ಲರೂ ಮಾಡುತ್ತಾರೆ. ಎರಡನೆಯದನ್ನು ಮಾಡದೆ ಬಿಟ್ಟರೆ ಅದರ ಕೊರತೆ ಕೂಡಲೇ ತಿಳಿಯುವುದಿಲ್ಲ. ತಿಳಿಯುವ ಹೊತ್ತಿಗೆ ನಷ್ಟ ವಕ್ತೃವಿಗೆ ಆಗಿರುತ್ತದೆ.

ಎರಡೂ ಮುಗಿಯುವವರೆಗೆ ಹಳೆಯ ಗಣಕವನ್ನು ಮುಟ್ಟಬಾರದು. ಅನಂತರ ಅದನ್ನು ವಿಲೇವಾರಿ ಮಾಡುವಾಗ ಡಿಸ್ಕಿನ ಗೂಢಲಿಪಿಯ ಕೀಲಿಗಳನ್ನು ಅಳಿಸಬೇಕು. ಇಡೀ ಡಿಸ್ಕು ಗೂಢಲಿಪಿಯಲ್ಲಿರುವುದರಿಂದ ಕೀಲಿ ಹೋದರೆ ಒಳಗಿನದ್ದೂ ಹೋದಂತೆಯೇ. ಆ ಕೀಲಿಗಳ ನಕಲನ್ನು ಬೇರೆಡೆ ಇಟ್ಟಿದ್ದರೆ ಅದನ್ನೂ ನಾಶಮಾಡಬೇಕು.

ಮೀಸಲು ಪ್ರತಿ ಮತ್ತು ಸಂಗ್ರಹಾಲಯ

ಕ್ಯೂಬ್ಸ್ ಇಲ್ಲದ ಸಾಮಾನ್ಯ ಲಿನಕ್ಸ್ ಗಣಕದಲ್ಲೂ ಮೀಸಲು ಪ್ರತಿಯನ್ನು ಬಿಚ್ಚಬಹುದು. ಅದಕ್ಕೆ ಬೇಕಾದ ಸಾಧನಗಳು ಮುಕ್ತವಾಗಿ ದೊರೆಯುತ್ತವೆ, ಕ್ರಮವೂ ಪ್ರಕಟವಾಗಿದೆ. ಆ ಕ್ರಮವನ್ನು ಮುದ್ರಿಸಿ ಡಿಸ್ಕಿನ ಜೊತೆಗೇ ಇಡುವುದು ಒಳಿತು. ಆದರೆ ಗುಪ್ತಪದ ಕಳೆದರೆ ಯಾರಿಂದಲೂ ಏನೂ ಸಾಧ್ಯವಿಲ್ಲ. ಸಂಶೋಧಕರೊಬ್ಬರ ನೆನಪಿನಲ್ಲಿ ಮಾತ್ರ ಗುಪ್ತಪದ ಇದ್ದರೆ ಅವರು ನಿವೃತ್ತರಾದಾಗ, ಕಾಯಿಲೆ ಬಿದ್ದಾಗ, ತೀರಿಕೊಂಡಾಗ ಇಡೀ ಸಂಗ್ರಹ ಮೂಕವಾಗುತ್ತದೆ. ಮೊಹರು ಮಾಡಿದ ಲಕೋಟೆಯಲ್ಲಿ ಗುಪ್ತಪದವನ್ನು ಸಂಸ್ಥೆಯ ಜವಾಬ್ದಾರ ವ್ಯಕ್ತಿಗೆ ಒಪ್ಪಿಸಿ, ಡಿಸ್ಕನ್ನು ಬೇರೆಯವರ ಸುಪರ್ದಿಯಲ್ಲಿ ಇರಿಸುವುದು ಒಂದು ಸರಳ ಏರ್ಪಾಡು. ಯಾವ ಸಂದರ್ಭದಲ್ಲಿ ಯಾರು ಅದನ್ನು ತೆರೆಯಬಹುದೆಂಬುದು ವಕ್ತೃವಿನ ಒಪ್ಪಿಗೆ ಪತ್ರದಲ್ಲೇ ನಮೂದಾಗಿರಬೇಕು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಸಂಶೋಧನೆಗೆ ಷರತ್ತುಬದ್ಧ ವಿನಾಯಿತಿ ನೀಡಿದೆ. ಆದರೆ ವಕ್ತೃವಿಗೆ ನಾವು ಬಾಯಿಮಾತಿನಲ್ಲಿ ಕೊಟ್ಟ ಭರವಸೆಗೆ ಯಾವ ಕಾಯ್ದೆಯೂ ವಿನಾಯಿತಿ ಕೊಡುವುದಿಲ್ಲ.

ಮೀಸಲು ಪ್ರತಿಯನ್ನು ಸಂಗ್ರಹಾಲಯವೆಂದು ಭಾವಿಸಬಾರದು. ಪ್ರಕಟಣೆಗೆ ಒಪ್ಪಿಗೆ ದೊರೆತ ಭಾಗವನ್ನು ಸಾಮಾನ್ಯ ಕಡತಗಳಾಗಿ, ವಿವರಪಟ್ಟಿಯೊಡನೆ, ಸಂಗ್ರಹಾಲಯಕ್ಕೆ ಪ್ರತ್ಯೇಕವಾಗಿ ಸಲ್ಲಿಸಬೇಕು. ಜೊತೆಗೆ ಸ್ಥಳಾಂತರದ ದಿನಾಂಕ, ಹಳೆಯ ಮತ್ತು ಹೊಸ ವ್ಯವಸ್ಥೆಯ ಆವೃತ್ತಿ, ಬದಲಾದ ಹೆಸರು, ಬಿಟ್ಟುಹೋದ ಅಂಶ ಇವನ್ನು ಒಂದು ಪುಟದಲ್ಲಿ ಬರೆದಿಡಬೇಕು. ಇದರ ಬೆಲೆ ಈ ಗಡಿಭಾಗದ ಅಧ್ಯಯನ ಮಾಡುವವರಿಗೆ ಚೆನ್ನಾಗಿ ಗೊತ್ತು. 1953ರಲ್ಲಿ ಬಳ್ಳಾರಿ ಜಿಲ್ಲೆ ವಿಭಜನೆಗೊಂಡು ಅದರ ಬಹುಭಾಗ ಮೈಸೂರಿಗೆ ಸೇರಿದಾಗ ಆದೋನಿ, ಆಲೂರುಗಳೊಡನೆ ರಾಯದುರ್ಗ ತಾಲ್ಲೂಕು ಆಂಧ್ರ ರಾಜ್ಯಕ್ಕೆ ಹೋಯಿತು. ಅದಕ್ಕೆ ಹಿಂದಿನ ರಾಯದುರ್ಗವನ್ನು ಅರಿಯಬೇಕಾದರೆ 1904ರ ಬಳ್ಳಾರಿ ಗೆಜೆಟಿಯರನ್ನು ನೋಡಬೇಕು. ಅನಂತಪುರದ ಗೆಜೆಟಿಯರಿನಲ್ಲಿ ಹುಡುಕಿದರೆ ಸಿಗದು. ಮಡಕಶಿರಾ 2022ರಲ್ಲಿ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿತು. ಸ್ಥಳ ಬದಲಾದದ್ದು ತಿಳಿದಿದ್ದರೆ ದಾಖಲೆ ಸಿಗುತ್ತದೆ, ತಿಳಿಯದಿದ್ದರೆ ಇದ್ದೂ ಇಲ್ಲವಾಗುತ್ತದೆ. ಮಡಕಶಿರಾ ಭಾಗದ ಹೇಮಾವತಿಯ ನೊಳಂಬ ಶಾಸನವೊಂದರ ಪಡಿಯಚ್ಚು ಕೈಯಲ್ಲಿದ್ದೂ, ಅದು ಯಾವ ಕಲ್ಲಿನದೆಂಬ ಟಿಪ್ಪಣಿ ಇಲ್ಲದಿದ್ದರೆ ಇತಿಹಾಸಕಾರರು ಅನುಭವಿಸುವ ಕಷ್ಟವೂ ಇದೇ ಬಗೆಯದು.

ಇಷ್ಟೆಲ್ಲ ಶ್ರಮ ಎಲ್ಲ ಕೆಲಸಕ್ಕೂ ಬೇಕಿಲ್ಲ. ಪ್ರಕಟಿತ ಗ್ರಂಥಗಳ ಮೇಲೆ ಕೆಲಸ ಮಾಡುವವರಿಗೆ ಸಾಮಾನ್ಯ ವ್ಯವಸ್ಥೆ ಮತ್ತು ಎರಡು ಪ್ರತಿಗಳು ಸಾಕು. ಜೀವಂತ ವ್ಯಕ್ತಿಗಳ ಧ್ವನಿ ಮತ್ತು ಹೆಸರನ್ನು ಇರಿಸಿಕೊಂಡವರು ಮಾತ್ರ, ಹೊಸ ಗಣಕ ಬಂದ ದಿನವೇ ಹಳೆಯದನ್ನು ಇನ್ನೊಬ್ಬರಿಗೆ ಕೊಟ್ಟುಬಿಡುವ ಆತುರ ತೋರದೆ, ಒಂದು ವಾರದ ಬಿಡುವು ಮಾಡಿಕೊಂಡು ಈ ಕ್ರಮವನ್ನು ಕೊನೆಯವರೆಗೆ ಅನುಸರಿಸಬೇಕು. ಪ್ರತಿ ವರ್ಷ ಒಮ್ಮೆಯಾದರೂ ಮೀಸಲು ಪ್ರತಿಯಿಂದ ಒಂದು ಕ್ಯೂಬನ್ನು ಬೇರೆ ಗಣಕದಲ್ಲಿ ತೆರೆದು ನೋಡುವ ರೂಢಿಯನ್ನು ಸಂಸ್ಥೆಗಳು ಬೆಳೆಸಿಕೊಂಡರೆ, ಗಣಕ ಕೆಟ್ಟ ದಿನ ಹೊಸದಾಗಿ ಕಲಿಯಬೇಕಾದದ್ದು ಏನೂ ಉಳಿದಿರುವುದಿಲ್ಲ.